ಹಳೇ ಬಾಗಿಲು ಕೊಳ್ಳಲು ಬಾಗಲಕೋಟೆಗೆ ಹೋಗುವವರಿಗೆ

ಹೊಸ ಮನೆಗೆ ಹಳೇ ಮರದ ಸಾಮಾನು ಬೇಕು ಅಂತ ಬಾಗಲಕೋಟೆಗೆ ಹೊರಟಿದ್ದೀರಾ? ಹಾಗಾದರೆ ಟಾರ್ಚು, ಅಯಸ್ಕಾಂತ, ಅಳತೆ ಟೇಪು ಚೀಲದಲ್ಲಿರಲಿ. ಇವು ಮೂರೂ ಇಲ್ಲದೆ ಹೋಗಿ ನಾನು ಮೊದಲ ದಿನವೇ 9,000 ರೂಪಾಯಿ ಕಳೆದುಕೊಂಡೆ.

ರೈಲು ಇಳಿದ ಸ್ವಲ್ಪ ಹೊತ್ತಿಗೇ ನಾನೂ ನನ್ನ ತಂಗಿಯೂ ಒಂದು ಅಂಗಡಿ ಹೊಕ್ಕೆವು. ಹಿತ್ತಾಳೆ ಪಟ್ಟಿ ಹೊಡೆದ ಮರದ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. "ನೂರು ವರ್ಷದ್ದು ಐತ್ರಿ ಅಕ್ಕಾರ, ಪೂರಾ ಸಾಗವಾನಿ" ಅಂದರು ಅಂಗಡಿಯವರು. ಅಂಗಡಿಯೊಳಗೆ ಅರೆಗತ್ತಲು, ಪೆಟ್ಟಿಗೆ ಮೇಲೆ ವಾರ್ನಿಶ್ ಹೊಳಪು. ಕೊಂಡುಬಿಟ್ಟೆ. ರಾತ್ರಿ ಲಾಡ್ಜಿನಲ್ಲಿ ಮುಚ್ಚಳ ಎತ್ತಿದರೆ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಬೋರಲು ಹಾಕಿ ನೋಡಿದರೆ ತಳಕ್ಕೆ ಪ್ಲೈವುಡ್, ಕೀಲಿಗೆ ಪ್ಲಸ್ ತಲೆಯ ಸ್ಕ್ರೂ. ಅಂಥ ಸ್ಕ್ರೂ ಅಮೆರಿಕದಲ್ಲೇ 1930ರ ದಶಕದಲ್ಲಿ ಬಂದದ್ದು. ನೂರು ವರ್ಷದ ಪೆಟ್ಟಿಗೆಯಲ್ಲಿ ಅದು ಹೇಗೆ ಇರುತ್ತೆ? ಬೆಳಿಗ್ಗೆ ಹತ್ತು ರೂಪಾಯಿಯ ಅಯಸ್ಕಾಂತ ತಂದು ಹಿಡಿದೆವು. ಹಿತ್ತಾಳೆ ಅಂದಿದ್ದ ಪಟ್ಟಿಗೆ ಪಟಕ್ಕನೆ ಅಂಟಿಕೊಂಡಿತು. ಕಬ್ಬಿಣದ ತಗಡು, ಮೇಲೆ ಹಳದಿ ಲೇಪ. ವಾಪಸ್ ಕೊಡಲು ಹೋದರೆ ಅಂಗಡಿಯವರು ಮುಖ ಕೊಟ್ಟು ಮಾತಾಡಲಿಲ್ಲ. ಬಿಲ್ಲು ಕೂಡ ಇರಲಿಲ್ಲ ನಮ್ಮ ಹತ್ರ. ಬಿಲ್ಲು ಕೇಳಿ, ಯಾವ ಮರ ಅಂತ ಅದರಲ್ಲೇ ಬರೆಸಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಬಾಗಲಕೋಟೆಯಲ್ಲಿ ನಿಜವಾಗಿ ಕೊಳ್ಳಬೇಕಾದ್ದು ಕೆಡವಿದ ಮನೆಗಳ ಮರ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೇ ಊರಿಗೆ ಬಂತು, ಜನ ನವನಗರಕ್ಕೆ ಎದ್ದುಹೋದರು. ಹೋಗುವಾಗ ಕಂಬ, ತೊಲೆ, ಬಾಗಿಲು ಬಿಚ್ಚಿಕೊಂಡರು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಕೆಲಸ ಇನ್ನೂ ಬಾಕಿ ಇದೆ. ಅಂದರೆ ಮುಂದೆಯೂ ಮನೆಗಳು ಹೋಗುತ್ತವೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತೆ. ಆ ಮರ ಸೌದೆಯಾಗುವ ಬದಲು ಇನ್ನೊಂದು ಮನೆ ಸೇರಲಿ ಅಂತಲೇ ನಾನು ಹೋಗಿದ್ದು.

ಹಳೇ ಊರಿನ ಕಡೆ ವಯಸ್ಸಾದ ಬಡಿಗೇರರೊಬ್ಬರ ಅಡ್ಡೆ ಸಿಕ್ಕಿತು. ಅವರು ಹೊಸ್ತಿಲ ಸಮೇತ ಒಂದು ಬಾಗಿಲನ್ನು ಬಿಸಿಲಿಗೆ ತಂದು ನಿಲ್ಲಿಸಿದರು. "ನಮ್ಮಪ್ಪನ ಕಾಲದ್ದು, ಅರವತ್ತ ವರ್ಷ ಆಗಿರಬೇಕ್ರಿ. ನೂರ ಅಂತ ನಾ ಹೇಳಂಗಿಲ್ಲ." ಮೊಳೆಗಳು ಚೌಕಾಕಾರ, ಒಂದರ ತಲೆ ಇದ್ದಂಗೆ ಇನ್ನೊಂದಿಲ್ಲ, ಕಮ್ಮಾರ ಕುಟ್ಟಿದವು. ಹೊಸ್ತಿಲಿನ ನಡುವೆ ತುಳಿದು ತುಳಿದು ತಗ್ಗು ಬಿದ್ದಿತ್ತು. ಎರಡೂ ತುದಿಯಲ್ಲಿ ಅರಿಶಿನ, ಕುಂಕುಮ ಮರದ ಎಳೆಯೊಳಗೇ ಇಳಿದಿತ್ತು. ಕೀಲಿಕೈಯಿಂದ ಅಲ್ಲಲ್ಲಿ ಬಡಿದು ನೋಡಿದೆ. ಎಡಗಡೆ ಬುಡದಲ್ಲಿ ಮಾತ್ರ ಪೊಳ್ಳು ಸದ್ದು ಬಂತು, ಗೆದ್ದಲು ತಿಂದಿತ್ತು. ಅಷ್ಟನ್ನು ಕತ್ತರಿಸಿ ಬೇರೆ ತುಂಡು ಕೂಡಿಸಿ ಕೊಟ್ಟರು. 28,000 ಹೇಳಿದ್ದು 22,000ಕ್ಕೆ ಮುಗಿಯಿತು.

ವಯಸ್ಸಿನ ಬಗ್ಗೆ ಒಂದು ಮಾತು. 1972ರ ಕೇಂದ್ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ಪುರಾವಸ್ತು. ಕಟ್ಟಡದಿಂದ ಬಿಚ್ಚಿದ್ದೂ ಅದರಲ್ಲಿ ಸೇರುತ್ತೆ. ಮಾರಲು ಲೈಸೆನ್ಸ್ ಬೇಕು. ನೂರು ವರ್ಷ ಅಂದವರನ್ನು ಲೈಸೆನ್ಸ್ ಕೇಳಿ. ಕಲ್ಲಿನ ಮೂರ್ತಿ, ವೀರಗಲ್ಲು ತೋರಿಸಿದರೆ ಮುಟ್ಟಲೇಬೇಡಿ.

ಮಧ್ಯಾಹ್ನ ಊಟಕ್ಕೆ ಆ ಬಡಿಗೇರರೇ ಖಾನಾವಳಿ ತೋರಿಸಿದರು. ನಾಲ್ಕೇ ಮೇಜು. ಒಳಗೆ ಅಮ್ಮನೊಬ್ಬರು ಟಪ ಟಪ ರೊಟ್ಟಿ ಬಡಿಯುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ ಎಣಗಾಯಿ, ಹುಳಿ ಹುಳಿ ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಗೆ ಗಟ್ಟಿ ಮೊಸರು, ಕಡಿಯೋಕೆ ಹಸಿ ಉಳ್ಳಾಗಡ್ಡಿ. ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ಸಾಕು ಅಂದರೆ "ಇಷ್ಟಕ್ಕ ಸಾಕಂದ್ರ ಹ್ಯಾಂಗವ್ವಾ, ಬಾಗಲಾ ಹೊರಬೇಕಲ್ಲ" ಅಂದು ಮತ್ತೊಂದು ಹಾಕಿದರು. ಇಬ್ಬರಿಗೂ ಸೇರಿ 160 ರೂಪಾಯಿ. ಲಾಡ್ಜಿನಲ್ಲಿ ಮದುವೆ ಸೀಸನ್ ಅಂತ 1,800 ಕೊಟ್ಟ ರೂಮಿಗಿಂತ ಈ ಊಟವೇ ನನಗೆ ನೆನಪಿದೆ.

ಮೂರನೇ ದಿನ ಬಾದಾಮಿ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಸಾಗಣೆ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಬಾಗಿಲನ್ನು ಬಸ್ಸಿನ ಮೇಲೆ ಹಾಕ್ತೀವಿ ಅಂದಿದ್ದ ಖಾಸಗಿ ಬಸ್ಸಿನವರು ಹೊರಡುವ ಹೊತ್ತಿಗೆ ಆಗಲ್ಲ ಅಂದರು. ಕೊನೆಗೆ ಟಾಟಾ ಏಸ್‌ಗೆ 13,000 ಕೊಟ್ಟೆ. ಇಬ್ಬರು ಮೂವರು ಸೇರಿ ಕೊಂಡು ಒಂದೇ ಗಾಡಿಯಲ್ಲಿ ತರಿಸಿ, ಜಾಸ್ತಿ ಉಳಿಯುತ್ತೆ.

ಹಳೇ ಬಾಗಿಲುಗಳು ಗಿಡ್ಡ. ನಮ್ಮದು ಐದೂಕಾಲು ಅಡಿ, ಗೋಡೆಯಲ್ಲಿ ಬಿಟ್ಟಿದ್ದು ಏಳಡಿ. ಟೇಪು ಹಿಡಿಯದೆ ಕೊಂಡಿದ್ದರಿಂದ ಮೇಲೆ ಸರಳಿನ ಕಿಟಕಿ ಕೂಡಿಸಬೇಕಾಯಿತು. ಬಡಿಗೇರರು ಹೇಳಿದಂತೆ ವಾರ್ನಿಶ್ ಹಚ್ಚಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ ಅಗಸೆ ಎಣ್ಣೆ ತಿಕ್ಕಿದೆ. ಹೊಸ್ತಿಲ ಕುಂಕುಮ ಹಾಗೇ ಉಳಿದಿದೆ.