ಡಿಸ್ಕ್‌ಗೆ ಬಣ್ಣ ಹೊಡೆಸುವ ಮೊದಲು ಚಕ್ರ ಬಿಚ್ಚಿಸಿ ನೋಡಿ

"ಹೊಸ ಅಲಾಯ್ ವೀಲ್ ಹಾಕಿಸಿದ್ದೇನೆ ಮಾರಾಯ್ರೇ. ಒಳಗೆ ನೋಡಿದರೆ ಡಿಸ್ಕ್ ಪೂರಾ ಕೆಂಪು ತುಕ್ಕು. ಒಂದು ಸಿಲ್ವರ್ ಹೊಡೆದು ಕೊಡಿ."

ಮಳೆಗಾಲದಲ್ಲಿ ನಮ್ಮ ಗ್ಯಾರೇಜಿನಲ್ಲಿ ಈ ಮಾತು ಖಾಯಂ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕ್‌ನ ಲೋಹದ ತಟ್ಟೆ. ನಾನು ಕೆಲಸ ಮಾಡುವುದು ಸುರತ್ಕಲ್ ಕಡೆ, ಕಡಲಿಗೆ ಹತ್ತಿರ. ಉಪ್ಪುಗಾಳಿ ವರ್ಷವಿಡೀ ಇರುತ್ತದೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ. ಸಂಜೆ ಗಾಡಿ ತೊಳೆದು ನಿಲ್ಲಿಸಿದರೆ ಬೆಳಿಗ್ಗೆ ಡಿಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಹಳೇ ಸ್ಟೀಲ್ ವೀಲ್ ಇದ್ದಾಗ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗಿನ ಅಲಾಯ್‌ಗಳ ಕಡ್ಡಿಗಳ ನಡುವೆ ದೊಡ್ಡ ದೊಡ್ಡ ಸಂದು, ಎಲ್ಲವೂ ಕಾಣುತ್ತದೆ.

ಬ್ರೇಕ್ ಕೆಲಸವೇ ನನ್ನ ಮುಖ್ಯ ಕೆಲಸ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬ್ರೇಕ್ ತುಳಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಒತ್ತುವ ತುಂಡುಗಳೇ ಪ್ಯಾಡ್. ಆ ಪ್ಯಾಡ್ ಉಜ್ಜುವ ಮುಖಕ್ಕೆ ಬಣ್ಣ ಬೇಡವೇ ಬೇಡ. ಡಿಸ್ಕ್‌ನ ನಡುವೆ ಟೋಪಿಯ ಹಾಗೆ ಎದ್ದಿರುವ ಭಾಗ ಇದೆಯಲ್ಲ, ಅದರ ಸುತ್ತಿನ ಗೋಡೆಗೆ ಮತ್ತು ಡಿಸ್ಕ್‌ನ ಹೊರ ಅಂಚಿಗೆ ಹೊಡೆಯಬಹುದು. ಅದೂ ಬಿಸಿ ತಡೆಯುವ ಬಣ್ಣ, ಸರಿಯಾಗಿ ಉಜ್ಜಿ ತೊಳೆದು. ಆದರೆ ಬಣ್ಣದ ಮಾತಿಗಿಂತ ಮೊದಲು ಆ ತುಕ್ಕು ಎಲ್ಲಿ ಹಿಡಿದಿದೆ, ಹೇಗೆ ಹಿಡಿದಿದೆ ಅಂತ ನೋಡಬೇಕು. ಡಿಸ್ಕ್ ಮೇಲಿನ ತುಕ್ಕಿನಷ್ಟು ಸುದ್ದಿ ಹೇಳುವುದು ಬ್ರೇಕ್‌ನಲ್ಲಿ ಬೇರೆ ಇಲ್ಲ. ಬಣ್ಣ ಹೊಡೆದರೆ ಆ ಸುದ್ದಿ ಮುಚ್ಚಿಹೋಗುತ್ತದೆ.

ಎಷ್ಟೋ ಜನ ಕೇಳುತ್ತಾರೆ, "ಬೈಕಿನ ಡಿಸ್ಕ್ ಪಳಪಳ ಇರುತ್ತದೆ, ಕಾರಿಂದು ಮಾತ್ರ ಯಾಕೆ ಹೀಗೆ?" ಒಳ್ಳೆಯ ಪ್ರಶ್ನೆ. ಬೈಕಿನ ಡಿಸ್ಕ್ ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲ್. ಕಾರಿನದ್ದು ಬೂದು ಬಣ್ಣದ ಎರಕದ ಕಬ್ಬಿಣ, ಅಂದರೆ ಗ್ರೇ ಕಾಸ್ಟ್ ಐರನ್. ಅದರೊಳಗೆ ಗ್ರಾಫೈಟ್ ಸಣ್ಣ ಸಣ್ಣ ಚಕ್ಕೆಗಳಾಗಿ ಹರಡಿರುತ್ತದೆ. ಆ ಚಕ್ಕೆಗಳಿಂದಾಗಿ ಬಿಸಿ ಬೇಗ ಹರಡುತ್ತದೆ, ಕೀರಲು ಸದ್ದು ಕಡಿಮೆಯಾಗುತ್ತದೆ. ಒಳಗೆ ಗಾಳಿ ಹೋಗುವ ಸಂದು ಇಟ್ಟು ಎರಕ ಹೊಯ್ಯುವುದೂ ಸುಲಭ. ಒಂದು ಟನ್‌ಗಿಂತ ಜಾಸ್ತಿ ತೂಕದ ಗಾಡಿಯನ್ನು ನಿಲ್ಲಿಸುವಾಗ ಹುಟ್ಟುವ ಬಿಸಿಗೆ ಇದು ಒಗ್ಗುವ ಲೋಹ. ತುಕ್ಕು ಹಿಡಿಯುವುದು ಅದರ ಗುಣ. ಉಜ್ಜುವ ಮುಖದ ಮೇಲಿನ ತೆಳು ತುಕ್ಕು ಎರಡು ಮೂರು ಬ್ರೇಕ್‌ಗೆ ಹೋಗಿಬಿಡುತ್ತದೆ. ಅದಕ್ಕೆ ಯಾವ ಚಿಕಿತ್ಸೆಯೂ ಬೇಡ.

ಚಿಂತೆ ಮಾಡಬೇಕಾದ ತುಕ್ಕು ಬೇರೆ ಇದೆ. ಹೊರಮುಖ ಕನ್ನಡಿ ಹಾಗಿದ್ದು ಒಳಮುಖ ಕಂದಾಗಿದ್ದರೆ ಒಳಗಿನ ಪ್ಯಾಡ್ ಸರಿಯಾಗಿ ಒತ್ತುತ್ತಿಲ್ಲ ಅಂತ ಲೆಕ್ಕ. ಒಳಗಿನದ್ದು ಸವೆದು ಹೊರಗಿನದ್ದು ತುಕ್ಕು ಹಿಡಿದಿದ್ದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದು ಒತ್ತುವ ಭಾಗ) ಜಾರುವ ಪಿನ್ನುಗಳು ಜಾಮ್ ಆಗಿರುವ ಸಾಧ್ಯತೆ ಜಾಸ್ತಿ. ಇಲ್ಲಿಯ ಮಳೆಗೆ ಪಿನ್ನಿನ ರಬ್ಬರ್ ಬೂಟ್ ಹರಿದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ, ಪಿನ್ ಹಿಡಿದುಕೊಳ್ಳುತ್ತದೆ. ಮೂರು ಚಕ್ರ ಹೊಳೆದು ಒಂದು ಮಾತ್ರ ಕೆಂಪಗಿದ್ದರೆ ಆ ಚಕ್ರದ ಕ್ಯಾಲಿಪರ್‌ನಲ್ಲಿ ಪ್ಯಾಡ್ ತಳ್ಳುವ ಪಿಸ್ಟನ್ ನೋಡಬೇಕು. ಉಜ್ಜುವ ಮುಖದ ನಡುವೆಯೇ ಒಂದು ಪಟ್ಟಿ ತುಕ್ಕು ಉಳಿದಿದ್ದರೆ ಪ್ಯಾಡ್ ಪೂರ್ತಿ ಕೂರುತ್ತಿಲ್ಲ. ಇವೆಲ್ಲ ಕಾಣುವುದು ಚಕ್ರ ಬಿಚ್ಚಿ, ಒಳಮುಖಕ್ಕೆ ಟಾರ್ಚ್ ಹಿಡಿದಾಗ. ಹೊರಗಿಂದ ಅಲಾಯ್ ಸಂದಿನಲ್ಲಿ ಇಣುಕಿದರೆ ಅರ್ಧ ಮಾತ್ರ ತಿಳಿಯುತ್ತದೆ.

ನಮ್ಮ ಊರಿನಲ್ಲಿ ಇನ್ನೊಂದು ಬಗೆ ಇದೆ. ಗಲ್ಫ್‌ನಲ್ಲಿ ಇರುವವರ ಕಾರು. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಓಡುತ್ತದೆ, ಉಳಿದ ಸಮಯ ಅಂಗಳದ ಶೀಟಿನ ಕೆಳಗೆ ನಿಂತಿರುತ್ತದೆ. ಅಂಥ ಡಿಸ್ಕ್‌ನಲ್ಲಿ ತುಕ್ಕು ಒಳಗೆ ಇಳಿದು ಗುಳಿ ಬಿದ್ದಿರುತ್ತದೆ. ಪ್ಯಾಡ್ ಕೂತಿದ್ದ ಜಾಗದ ಅಚ್ಚು ಹಾಗೇ ಮೂಡಿರುತ್ತದೆ. ಇದಕ್ಕೆ ಬಣ್ಣ ಮದ್ದಲ್ಲ. ಗುಳಿ ಕಡಿಮೆ ಇದ್ದರೆ ಲೇತ್‌ಗೆ ಹಾಕಿ ತೆಳುವಾಗಿ ಹೆರೆದು ಸಮ ಮಾಡಬಹುದು (ಇದಕ್ಕೆ ಸ್ಕಿಮ್ ಅನ್ನುತ್ತೇವೆ), ಜಾಸ್ತಿ ಇದ್ದರೆ ಹೊಸ ಜೋಡಿ. ಮನೆಯಲ್ಲಿ ಓಡಿಸಲು ಬರುವವರು ಯಾರಾದರೂ ಇದ್ದರೆ ವಾರಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ, ನಾಲ್ಕು ಸಲ ಚೆನ್ನಾಗಿ ಬ್ರೇಕ್ ಹಾಕಿ ಬಂದರೆ ಸಾಕು. ಅದು ಯಾವ ಬಣ್ಣಕ್ಕಿಂತಲೂ ಒಳ್ಳೆಯದು. ಎಲೆಕ್ಟ್ರಿಕ್ ಕಾರುಗಳಲ್ಲೂ ಇದೇ ಕಥೆ. ಮೋಟಾರೇ ವೇಗ ತಗ್ಗಿಸುವುದರಿಂದ ಡಿಸ್ಕ್‌ಗೆ ಕೆಲಸ ಕಡಿಮೆ, ತುಕ್ಕು ಜಾಸ್ತಿ.

ಈಗ ಉಜ್ಜುವ ಮುಖದ ವಿಷಯ. "ಎರಡು ಬ್ರೇಕ್ ಹೊಡೆದರೆ ಬಣ್ಣ ತಾನಾಗಿ ಹೋಗುತ್ತದೆ, ಹಾಗೇ ಹೊಡೆದುಬಿಡಿ" ಅನ್ನುವವರು ಇದ್ದಾರೆ. ಕಂಪನಿಯಿಂದ ಬರುವ ಕೆಲವು ಹೊಸ ಡಿಸ್ಕ್‌ಗಳು ಪೂರ್ತಿ ಬೂದಿ ಬಣ್ಣದ ಲೇಪ ಹಚ್ಚಿಯೇ ಬರುತ್ತವೆ, ಅದನ್ನು ನೋಡಿ ಹುಟ್ಟಿದ ಮಾತು ಇದು. ಆ ಲೇಪ ಸತು ಮತ್ತು ಅಲ್ಯೂಮಿನಿಯಂ ಚಕ್ಕೆಗಳದ್ದು. ಮೈಕ್ರಾನ್ ಲೆಕ್ಕದಷ್ಟು ತೆಳು. ಪ್ಯಾಡ್ ತಾಗಿದ ಕೂಡಲೇ ಸವೆದುಹೋಗಲಿ ಅಂತಲೇ ಮಾಡಿದ್ದು. ಸವೆದ ಮೇಲೆ ನಡುಭಾಗ ಮತ್ತು ಅಂಚಿನಲ್ಲಿ ಮಾತ್ರ ಉಳಿದು ತುಕ್ಕು ತಡೆಯುತ್ತದೆ. ಸ್ಪ್ರೇ ಕ್ಯಾನಿನ ಬಣ್ಣದಲ್ಲಿ ಅಂಟು ಇದೆ. ಅದು ಬಿಸಿಗೆ ಮೆತ್ತಗಾಗಿ ಪ್ಯಾಡ್‌ನ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಪ್ಯಾಡ್ ಮುಖದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಅವು ತುಂಬುತ್ತವೆ. ಮುಖ ಗಾಜಿನಷ್ಟು ನುಣುಪಾಗುತ್ತದೆ. ಆಮೇಲೆ ಎಷ್ಟು ತುಳಿದರೂ ಹಿಡಿತ ಬರುವುದಿಲ್ಲ, ಕೀರಲು ಶುರುವಾಗುತ್ತದೆ. ಡಿಸ್ಕ್ ಮೇಲಿನ ಬಣ್ಣ ಹೋದರೂ ಪ್ಯಾಡ್‌ನೊಳಗೆ ಹೋದದ್ದು ಹಾಗೇ ಉಳಿಯುತ್ತದೆ. ಆ "ಎರಡು ಬ್ರೇಕ್" ಹೊಡೆಯುವುದು ಎಲ್ಲಿ ಹೇಳಿ? ಗ್ಯಾರೇಜಿನ ಗೇಟ್ ದಾಟಿದ ಕೂಡಲೇ ಇರುವ ರಸ್ತೆಯಲ್ಲಿ. ಅಲ್ಲಿ ಶಾಲೆಯ ಮಕ್ಕಳು ದಾಟುತ್ತಿರುತ್ತಾರೆ. ಈ ವಿಷಯದಲ್ಲಿ ನಾನು ಯಾರ ಒತ್ತಾಯಕ್ಕೂ ಬಗ್ಗುವುದಿಲ್ಲ.

ಆದರೆ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಉಜ್ಜುವ ಮುಖದ್ದಲ್ಲ. ಅಲ್ಲಿ ಬಣ್ಣ ಹೊಡೆಯಬಾರದು ಅಂತ ಬಹುತೇಕ ಎಲ್ಲರಿಗೂ ಗೊತ್ತು. ಯಾರೂ ಯೋಚಿಸದ ಜಾಗ ಒಂದಿದೆ. ಡಿಸ್ಕ್ ಹಬ್ ಮೇಲೆ, ಅಂದರೆ ಚಕ್ರ ಮತ್ತು ಡಿಸ್ಕ್ ಎರಡನ್ನೂ ಹೊತ್ತು ತಿರುಗುವ ಭಾಗದ ಮೇಲೆ, ಕೂರುವ ಮುಖ.

ಒಬ್ಬರು ಬ್ಯಾಂಕಿನವರು ತಮ್ಮ ಹ್ಯಾಚ್‌ಬ್ಯಾಕ್ ತಂದರು. ಹೈವೇಯಲ್ಲಿ 80ರಲ್ಲಿ ಬ್ರೇಕ್ ತುಳಿದರೆ ಸ್ಟೇರಿಂಗ್ ನಡುಗುತ್ತದೆ, ಪೆಡಲ್ ಕಾಲಿಗೆ ಒದೆಯುತ್ತದೆ. ಬೇರೆ ಕಡೆ ತೋರಿಸಿದಾಗ "ಡಿಸ್ಕ್ ಬೆಂಡ್ ಆಗಿದೆ, ಬದಲಿಸಿ" ಅಂದಿದ್ದರಂತೆ.

"ಇತ್ತೀಚೆಗೆ ಡಿಸ್ಕ್ ಬಿಚ್ಚಿಸಿದ್ದು ಉಂಟಾ ಸರ್?"

"ಹೌದು, ಬಣ್ಣ ಹೊಡೆಸಿದ್ದೆ. ಅದು ಆಗಿ ಕೆಲವು ತಿಂಗಳಾಯಿತು. ಆಗ ಏನೂ ತೊಂದರೆ ಇರಲಿಲ್ಲವಲ್ಲ?"

ಚಕ್ರ ಬಿಚ್ಚಿದೆ. ಕೆಲಸ ನೋಡಲು ಚೆಂದವೇ ಇತ್ತು, ನಡುಭಾಗ ಪೂರ್ತಿ ಸಿಲ್ವರ್. ಚಕ್ರದ ನಟ್‌ಗಳನ್ನು ವಾಷರ್ ಕೊಟ್ಟು ಬಿಗಿದು ಡಿಸ್ಕ್ ಕೂರಿಸಿದೆ. ಡಿಸ್ಕ್‌ನ ಓಲಾಟ ಅಳೆಯುವ ಡಯಲ್ ಗೇಜ್ ಕಟ್ಟಿ ಕೈಯಲ್ಲಿ ನಿಧಾನ ತಿರುಗಿಸಿದೆ. ಮುಳ್ಳು 0.14 ಮಿಲಿಮೀಟರ್ ಆಡಿತು. ಹೆಚ್ಚಿನ ಕಾರುಗಳಿಗೆ ಇದರ ಮೇಲಿನ ಮಿತಿ 0.05ರಿಂದ 0.10, ಅದಕ್ಕಿಂತ ಜಾಸ್ತಿ ಆಡಬಾರದು. ಡಿಸ್ಕ್ ಕಳಚಿ ತಿರುಗಿಸಿ ನೋಡಿದರೆ ಒಳಗಡೆಯೂ ಸಿಲ್ವರ್. ಹಬ್ ಕೂರುವ ಮುಖದ ಮೇಲೆ ಬಣ್ಣ ಇಳಿದು ಒಂದು ಬದಿಯಲ್ಲಿ ಹನಿಯಾಗಿ ಗಟ್ಟಿಯಾಗಿತ್ತು. ಉಗುರಿನಿಂದ ಸವರಿದರೆ ಮಾತ್ರ ಗೊತ್ತಾಗುವಷ್ಟು. ಥಿನ್ನರ್ ಹಾಕಿ ಒರೆಸಿ, ಎಮರಿ ಪೇಪರಿನಿಂದ ಕಬ್ಬಿಣ ಕಾಣುವವರೆಗೆ ಉಜ್ಜಿದೆ. ಹಬ್ ಮುಖಕ್ಕೂ ವೈರ್ ಬ್ರಷ್ ಹಾಕಿದೆ. ಮತ್ತೆ ಕೂರಿಸಿ ನೋಡಿದಾಗ ಮುಳ್ಳು 0.04ಕ್ಕೆ ಇಳಿಯಿತು. ಡಿಸ್ಕ್ ಬೆಂಡ್ ಆಗಿರಲೇ ಇಲ್ಲ.

ಹಾಗಾದರೆ ಮೊದಲ ದಿನವೇ ಯಾಕೆ ನಡುಗಲಿಲ್ಲ? ಇದು ಅರ್ಥವಾದರೆ ಬ್ರೇಕ್ ನಡುಕದ ಅರ್ಧ ಗುಟ್ಟು ಅರ್ಥವಾದ ಹಾಗೆ. ಹಬ್ ಹತ್ತಿರದ ಸಣ್ಣ ಎತ್ತರ ಡಿಸ್ಕ್‌ನ ಅಂಚಿಗೆ ಬರುವಾಗ ದೊಡ್ಡ ಓಲಾಟ ಆಗುತ್ತದೆ. ಶುರುವಿನಲ್ಲಿ ಕ್ಯಾಲಿಪರ್ ಆ ಓಲಾಟದ ಜೊತೆಗೇ ಆಡಿಕೊಂಡು ಹೋಗುತ್ತದೆ, ಕಾಲಿಗೆ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ತುಳಿಯದೆ ಓಡುವಾಗಲೂ ಡಿಸ್ಕ್‌ನ ಅದೇ ಜಾಗ ಪ್ರತಿ ಸುತ್ತಿಗೂ ಪ್ಯಾಡ್‌ಗೆ ತಾಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ತಾಗಿ ತಾಗಿ ಅಲ್ಲಿ ಮಾತ್ರ ಸವೆಯುತ್ತದೆ. ಡಿಸ್ಕ್ ಒಂದು ಕಡೆ ದಪ್ಪ, ಒಂದು ಕಡೆ ತೆಳು. 0.02 ಮಿಲಿಮೀಟರ್ ವ್ಯತ್ಯಾಸ ಬಂದರೂ ಸ್ಟೇರಿಂಗ್‌ನಲ್ಲಿ ನಡುಕ ಸಿಗುತ್ತದೆ. ಅವರ ಡಿಸ್ಕ್‌ಗೆ ಮೈಕ್ರೋಮೀಟರ್ ಹಿಡಿದು ಸುತ್ತ ಅಳೆದಾಗ ಅದೇ ಸಿಕ್ಕಿತು. ದಪ್ಪ ಇನ್ನೂ ಸಾಕಷ್ಟು ಉಳಿದಿತ್ತು. ಸ್ಕಿಮ್ ಮಾಡಿಸಿ ಹೊಸ ಪ್ಯಾಡ್ ಹಾಕಿ ಕಳಿಸಿದೆವು, ನಡುಕ ನಿಂತಿತು. ಹನಿ ತೆಗೆಯದೆ ಸುಮ್ನೆ ಹೊಸ ಡಿಸ್ಕ್ ಹಾಕಿದ್ದರೆ? ಹೊಸದರ ಒಳಮುಖದಲ್ಲಿ ಬಣ್ಣ ಇರುತ್ತಿರಲಿಲ್ಲ, ನಿಜ. ಆದರೆ ಹಬ್ ಮೇಲೂ ಬಣ್ಣದ ಚೂರು ಅಂಟಿತ್ತು. ಅದರ ಮೇಲೆಯೇ ಕೂರಿಸಿದ್ದರೆ ಕೆಲವು ತಿಂಗಳಲ್ಲಿ ಅವರು ಅದೇ ದೂರು ಹಿಡಿದು ಬರಬೇಕಾಗುತ್ತಿತ್ತು.

ದಪ್ಪದ ಮಾತು ಬಂತಲ್ಲ. ಪ್ರತಿ ಡಿಸ್ಕ್‌ನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪ ಎಷ್ಟು ಅಂತ ಅಚ್ಚು ಒತ್ತಿರುತ್ತಾರೆ. ಹೊಸದರಲ್ಲಿ 22 ಮಿಲಿಮೀಟರ್ ಇರುವ ಡಿಸ್ಕ್‌ಗೆ 20ರ ಆಸುಪಾಸು ಕೊನೆ ಅಂತ ಇರುತ್ತದೆ. ಸ್ಕಿಮ್ ಮಾಡಬೇಕೋ ಬಿಸಾಡಬೇಕೋ ಅಂತ ನಾವು ತೀರ್ಮಾನ ಮಾಡುವುದು ಆ ಅಂಕಿ ನೋಡಿ. ದಪ್ಪ ಬಣ್ಣ ಮೊದಲು ಮುಚ್ಚುವುದು ಅದನ್ನೇ. ಹಾಗಾಗಿ ಬಣ್ಣಕ್ಕೆ ಮೊದಲು ಆ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅಳತೆ ಕೊನೆಗೆ ಬಂದಿದ್ದರೆ ಬಣ್ಣದ ದುಡ್ಡನ್ನು ಹೊಸ ಡಿಸ್ಕ್‌ಗೆ ಹಾಕಿ. ಲೇಪ ಹಚ್ಚಿ ಬರುವ ಡಿಸ್ಕ್ ನಿಮ್ಮ ಕಾರಿಗೆ ಸಿಗುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟು ಅದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಕರಾವಳಿಗೆ ಅದು ಖರ್ಚಿಗೆ ತಕ್ಕ ಮಾಲು.

ಬಿಸಿಯ ಲೆಕ್ಕವೂ ಗೊತ್ತಿರಲಿ. ಊರೊಳಗೆ ಓಡಿಸುವಾಗ ಡಿಸ್ಕ್ 100ರಿಂದ 200 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಮಾಮೂಲು. ಚಾರ್ಮಾಡಿಯನ್ನೋ ಆಗುಂಬೆಯ 14 ತಿರುವುಗಳನ್ನೋ ಪೂರ್ತಿ ಬ್ರೇಕ್ ಮೇಲೆಯೇ ಇಳಿದರೆ 300, 400 ದಾಟಬಹುದು. ಗೇಟಿಗೆ ಹೊಡೆಯುವ ಎನಾಮೆಲ್ ಬಣ್ಣ ಅಲ್ಲಿ ಸುಟ್ಟು ಸಿಪ್ಪೆ ಏಳುತ್ತದೆ. ಆ ವಾಸನೆಗೆ ಜನ ಬ್ರೇಕೇ ಸುಟ್ಟಿತು ಅಂತ ಗಾಬರಿಯಾಗುತ್ತಾರೆ. ಇನ್ನೂ ಕೆಟ್ಟದ್ದು ಏನೆಂದರೆ, ನಿಜವಾಗಿ ಪ್ಯಾಡ್ ಸುಡುವ ವಾಸನೆ ಬಂದಾಗಲೂ "ಓ, ಅದು ಬಣ್ಣದ್ದು" ಅಂತ ಸುಮ್ಮನಾಗುತ್ತಾರೆ. ಘಾಟಿ ಇಳಿಯುವಾಗ ಎರಡನೇ ಗೇರ್‌ನಲ್ಲಿ ಇಳಿಯಿರಿ, ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬಣ್ಣ ಹೊಡೆದರೆ ಡಿಸ್ಕ್ ತಣಿಯುವುದೇ ಇಲ್ಲ ಅನ್ನುವ ಮಾತು ಮಾತ್ರ ಅತಿಯಾಯಿತು. ನಡುಭಾಗದ ತೆಳು ಬಣ್ಣದಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಮುಖ್ಯವಾಗಿ ತಣಿಸುವುದು ಬೀಸುವ ಗಾಳಿ. ಆ ಗಾಳಿ ಹಾಯುವ ಒಳಸಂದುಗಳಿಗೆ ಬಣ್ಣ ಸುರಿದು ಕಟ್ಟಿಸದಿದ್ದರೆ ಸಾಕು.

ಇಷ್ಟೆಲ್ಲ ಕೇಳಿಯೂ ಮಾಡಿಸಬೇಕು ಅಂದರೆ ಮಾಡಿಕೊಡುತ್ತೇನೆ, ಖುಷಿಯಿಂದಲೇ. ಚೆಂದ ಕಾಣಬೇಕು ಅನ್ನುವುದು ತಪ್ಪಲ್ಲ ಅಲ್ವಾ? ಡಿಸ್ಕ್ ಕಳಚಿ ಬೆಂಚಿನ ಮೇಲೆ ಇಡುತ್ತೇನೆ. ಬ್ರೇಕ್ ಧೂಳನ್ನು ಏರ್ ಹೊಡೆದು ಹಾರಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆ ಧೂಳು ಶ್ವಾಸಕ್ಕೆ ಹೋಗಬಾರದು, ಹುಡುಗರಿಗೂ ಇದನ್ನೇ ಕಲಿಸಿದ್ದೇನೆ. ನಡುಭಾಗ, ಅಂಚಿನ ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, ಬ್ರೇಕ್ ಕ್ಲೀನರ್ ಹೊಡೆದು ಒಣಗಿಸುತ್ತೇನೆ. ಉಜ್ಜುವ ಎರಡೂ ಮುಖ, ಹಬ್ ಕೂರುವ ಮುಖ, ಚಕ್ರ ಬಂದು ಕೂರುವ ಮುಖ, ಇಷ್ಟಕ್ಕೂ ಮಾಸ್ಕಿಂಗ್ ಟೇಪ್. ಹಿಂದಿನ ಡಿಸ್ಕ್‌ನ ಒಳಗೆ ಹ್ಯಾಂಡ್‌ಬ್ರೇಕ್ ಶೂ ಇರುವ ಕಾರಾದರೆ ಆ ಒಳಗೋಡೆಗೂ ಬಣ್ಣ ತಾಗಬಾರದು. ಬಿಸಿ ತಡೆಯುವ ಬಣ್ಣವನ್ನು ಬ್ರಷ್‌ನಲ್ಲಿ ತೆಳ್ಳಗೆ ಎರಡು ಕೋಟ್ ಹಚ್ಚುತ್ತೇನೆ. ಸ್ಪ್ರೇಗಿಂತ ಬ್ರಷ್ ನನಗಿಷ್ಟ, ಬೇಡದ ಕಡೆ ಹಾರುವುದಿಲ್ಲ. ಡಬ್ಬಿಯ ಮೇಲೆ 600 ಡಿಗ್ರಿ ಅಂತ ಬರೆದಿದ್ದರೂ ಅಂಥ ಬಣ್ಣ ಬಿಸಿಗೆ ಒಮ್ಮೆ ಬೆಂದರೆ ಮಾತ್ರ ಗಟ್ಟಿಯಾಗಿ ಹಿಡಿಯುತ್ತದೆ. ಅದಕ್ಕೆ ಡಬ್ಬಿಯ ಮೇಲೆ ಹೇಳಿದ ಹಾಗೆ ಪೂರ್ತಿ ಒಣಗಿಸಿ, ಆಮೇಲೆ ನಿಧಾನವಾಗಿ ಬಿಸಿಯಾಗುವ ಹಾಗೆ ಓಡಿಸಬೇಕು. ಮಳೆಗಾಲದಲ್ಲಿ ಇದು ಒಂದೇ ದಿನದ ಕೆಲಸ ಆಗುವುದಿಲ್ಲ. ಅರ್ಜೆಂಟ್ ಇದ್ದವರಿಗೆ ಡಿಸೆಂಬರ್‌ನಲ್ಲಿ ಬನ್ನಿ ಅನ್ನುತ್ತೇನೆ.

ಕೂರಿಸಿದ ಮೇಲೆ ಉಜ್ಜುವ ಮುಖಗಳನ್ನು ಮತ್ತೊಮ್ಮೆ ಕ್ಲೀನರ್ ಹಾಕಿ ಒರೆಸಿ, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು. ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಇಳಿಯುವ ಹಾಗೆ ಮೆಲ್ಲಗೆ ಏಳೆಂಟು ಬ್ರೇಕ್ ಹಾಕಿ ನೋಡಬೇಕು. ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಕಾರಿನ ಪುಸ್ತಕದಲ್ಲಿ ಇರುವಷ್ಟೇ ಬಿಗಿಯಿರಿ, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ. ಎಲ್ಲಾದರೂ ಚಕ್ರ ಮತ್ತು ಡಿಸ್ಕ್ ನಡುವೆ ಚೂರು ಬಣ್ಣ ಉಳಿದಿದ್ದರೆ ಅದು ಒತ್ತಡಕ್ಕೆ ಕುಗ್ಗಿ ನಟ್ ಸಡಿಲವಾಗುವುದು ಆ ಹೊತ್ತಿಗೇ. ಘಾಟಿ ಹತ್ತುವ ಪ್ಲಾನ್ ಇದ್ದರೆ ಆ ಚೆಕ್ ಮುಗಿಸಿಕೊಂಡೇ ಹೊರಡಿ.