ಫುಜಿಕೋ ಹೆಮ್ಮಿಂಗ್ ಅಷ್ಟು ನಿಧಾನವಾಗಿ ಯಾಕೆ ನುಡಿಸುತ್ತಿದ್ದರು?

ಯಾರಿಗಾದರೂ ಪಿಯಾನೊ ವಾದಕಿ ಫುಜಿಕೋ ಹೆಮ್ಮಿಂಗ್ ನುಡಿಸಿದ ‘ಲಾ ಕಂಪನೆಲ್ಲಾ’ ಎಂಬ ಪಿಯಾನೊ ರಚನೆ ಕೇಳಲು ಕಳಿಸಿದರೆ ತಿರುಗಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಇಷ್ಟು ನಿಧಾನ ಯಾಕೆ? ಅಲ್ಲಲ್ಲಿ ಸ್ವರ ಬೇರೆ ತಪ್ಪುತ್ತದೆ. ಕಷ್ಟದ ಕಥೆ ಕೇಳಿ ಜಪಾನಿನ ಜನ ಮೆಚ್ಚಿಕೊಂಡರು ಅಷ್ಟೇ, ಅಲ್ವಾ?”

ಮೊದಲು ಆ ಕಥೆ ಹೇಳಿಬಿಡುತ್ತೇನೆ. ಫುಜಿಕೋ ಹುಟ್ಟಿದ್ದು 1931ರಲ್ಲಿ, ಬರ್ಲಿನ್‌ನಲ್ಲಿ. ತಾಯಿ ಜಪಾನಿನ ಪಿಯಾನೊ ವಾದಕಿ, ತಂದೆ ಸ್ವೀಡನ್ನಿನವರು. ಮಗು ಚಿಕ್ಕದಿದ್ದಾಗಲೇ ಕುಟುಂಬ ಟೋಕಿಯೊಗೆ ಬಂತು. ತಂದೆ ಅಲ್ಲಿ ನಿಲ್ಲಲಿಲ್ಲ, ಹೊರಟುಹೋದರು. ಪಿಯಾನೊ ಪಾಠ ಹೇಳಿ ಮನೆ ನಡೆಸಿದ ತಾಯಿಯೇ ಮಗಳ ಮೊದಲ ಗುರು. ಆಕೆ ಬಹಳ ಕಟ್ಟುನಿಟ್ಟು. ಮುಂದೆ ಪಿಯಾನೊ ವಾದಕ ಲಿಯೊನಿಡ್ ಕ್ರೊಯ್ಟ್ಸರ್ ಅವರಲ್ಲೂ ಪಾಠವಾಯಿತು. ಹದಿನಾರರ ವಯಸ್ಸಿನಲ್ಲಿ ಕಿವಿಯ ಸೋಂಕು ಜಾಸ್ತಿಯಾಗಿ ಬಲಗಿವಿ ಕೇಳದಾಯಿತು.

ವಿದೇಶದಲ್ಲಿ ಕಲಿಯಬೇಕು ಎಂದು ಹೊರಟಾಗ ಇನ್ನೊಂದು ಪೆಟ್ಟು. ತಾನು ಯಾವ ದೇಶದ ಪ್ರಜೆಯೂ ಅಲ್ಲ ಎಂದು ಆಕೆಗೆ ಗೊತ್ತಾಯಿತು. ಪಾಸ್‌ಪೋರ್ಟ್ ಇಲ್ಲದೆ ವರ್ಷಗಳೇ ಕಳೆದವು. ಕೊನೆಗೆ 1961ರಲ್ಲಿ ಜರ್ಮನ್ ರಾಯಭಾರಿಯ ನೆರವಿನಿಂದ, ರೆಡ್ ಕ್ರಾಸ್ ಗುರುತಿಸಿದ ನಿರಾಶ್ರಿತೆಯಾಗಿ ಬರ್ಲಿನ್‌ಗೆ ಹೋದರು. ಹುಟ್ಟಿದ ಊರಿಗೇ ನಿರಾಶ್ರಿತೆಯಾಗಿ ಹೋಗುವುದು ಎಂಥ ಸಂಕಟ!

ಆಮೇಲೆ ವಿಯೆನ್ನಾ. ಅಮೆರಿಕದ ಹೆಸರಾಂತ ವಾದ್ಯವೃಂದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಅಂಥವರು ಆಕೆಯ ವಾದನ ಮೆಚ್ಚಿ ಬೆಂಬಲಿಸಿದ್ದರು. ದೊಡ್ಡ ಕಛೇರಿಯೊಂದು ಹತ್ತಿರವಿತ್ತು. ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡಲು ದುಡ್ಡಿರಲಿಲ್ಲ. ನೆಗಡಿ ಜ್ವರ ಜೋರಾಗಿ ಎಡಗಿವಿಯೂ ಹೋಯಿತು. ಸ್ಟಾಕ್‌ಹೋಮ್‌ನಲ್ಲಿ ಚಿಕಿತ್ಸೆ ಪಡೆದ ಮೇಲೆ ಎಡಗಿವಿಯಲ್ಲಿ ಸುಮಾರು ಶೇ. 40ರಷ್ಟು ಮಾತ್ರ ಮರಳಿತು. ಉಳಿದ ದಶಕಗಳು ಯುರೋಪಿನಲ್ಲಿ ಪಾಠ ಹೇಳುತ್ತಾ, ಸಣ್ಣಪುಟ್ಟ ಕಛೇರಿ ಕೊಡುತ್ತಾ ಕಳೆದವು. ತಾಯಿ ತೀರಿಕೊಂಡ ಮೇಲೆ, 1995ರಲ್ಲಿ ಟೋಕಿಯೊಗೆ ಮರಳಿದರು. 1999ರ ಫೆಬ್ರುವರಿಯಲ್ಲಿ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಆಕೆಯ ಮೇಲೊಂದು ಸಾಕ್ಷ್ಯಚಿತ್ರ ತೋರಿಸಿತು. ಅದೇ ವರ್ಷ ಬಂದ ಸಿಡಿ 20 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆಗ ಆಕೆಗೆ ಅರವತ್ತೇಳು.

ಹೌದು, ಜನ ಆಕೆಯನ್ನು ಗುರುತಿಸಿದ್ದು ಕಥೆಯಿಂದಲೇ. ಆದರೆ ಕಥೆಯೊಂದೇ ಆಗಿದ್ದರೆ ಒಂದೆರಡು ವರ್ಷಕ್ಕೆ ಮುಗಿಯುತ್ತಿತ್ತು. ತೊಂಬತ್ತು ದಾಟಿದ ಮೇಲೂ ಆಕೆಯ ಕಛೇರಿಗೆ ಜನ ಟಿಕೆಟ್ ಕೊಂಡು ಬರುತ್ತಿದ್ದರು.

ಈಗ ನಿಧಾನದ ಮಾತು. ಇಟಲಿಯ ವಯಲಿನ್ ವಾದಕ ಪಗನೀನಿಯ ಎರಡನೇ ವಯಲಿನ್ ಕನ್ಸರ್ಟೊದ (ವಾದ್ಯವೃಂದದ ಜೊತೆ ನುಡಿಸುವ ಕೃತಿ) ಕೊನೆಯ ಭಾಗದಿಂದ ರಾಗ ಎತ್ತಿಕೊಂಡು ಹಂಗೇರಿಯ ಸಂಗೀತಗಾರ ಫ್ರಾಂಜ್ ಲಿಸ್ಟ್ ಕಟ್ಟಿದ ರಚನೆ ‘ಲಾ ಕಂಪನೆಲ್ಲಾ’. ನಾವು ಇವತ್ತು ಕೇಳುವ ರೂಪ 1851ರದು. ಇಟಾಲಿಯನ್ ಭಾಷೆಯಲ್ಲಿ ‘ಕಂಪನೆಲ್ಲಾ’ ಅಂದರೆ ಸಣ್ಣ ಗಂಟೆ; ಹೆಸರೇ ಹೇಳುವ ಹಾಗೆ ಇದರ ಜೀವ ಇರುವುದು ಆ ಗಂಟೆಯಲ್ಲಿ. ಮೇಲಿನ ಸ್ಥಾಯಿಯಲ್ಲಿ ಡಿ ಶಾರ್ಪ್ ಸ್ವರ ಮತ್ತೆ ಮತ್ತೆ ಬಡಿಯುತ್ತದೆ. ಅದನ್ನು ಮುಟ್ಟಲು ಬಲಗೈ ಕೆಲವು ಕಡೆ ಎರಡು ಸ್ಥಾಯಿಯಷ್ಟು ದೂರ ಹಾರಿ, ಕೂಡಲೇ ರಾಗಕ್ಕೆ ವಾಪಸ್ ಬರಬೇಕು. ಕಷ್ಟ ಇರುವುದು ಇಲ್ಲೇ. ಎಲ್ಲರೂ ಇದನ್ನು ಬೆರಳಿನ ಪರೀಕ್ಷೆ ಮಾಡಿಕೊಂಡಿರುವುದೂ ಇದಕ್ಕೇ. ಆದರೆ ಲಿಸ್ಟ್ ಮೇಲೆ ಬರೆದಿರುವ ವೇಗ ‘ಅಲೆಗ್ರೆಟ್ಟೊ’. ಅಂದರೆ ಹದವಾದ ಚುರುಕು. ಓಡಿ ಎಂದು ಅವರೇನೂ ಹೇಳಿಲ್ಲ.

ವೇಗವಾಗಿ ನುಡಿಸಿದಾಗ ಆ ಗಂಟೆ ಬರೀ ಮಿಂಚಾಗಿಬಿಡುತ್ತದೆ. ಫುಜಿಕೋ ಪ್ರತಿ ಬಡಿತಕ್ಕೂ ಜಾಗ ಕೊಡುತ್ತಾರೆ. ಸ್ವರ ಹುಟ್ಟಿ, ಮೊಳಗಿ, ಕರಗುವುದು ಕೇಳುತ್ತದೆ. ಕೆಳಗಿನ ರಾಗವೂ ಹಾಡಿದ ಹಾಗೆ ಬರುತ್ತದೆ, ಅದರಲ್ಲಿ ದುಃಖ ಇದೆ. ವೇಗದ ವಾದನಗಳಲ್ಲಿ ಆ ದುಃಖ ನನಗೆ ಸಿಕ್ಕಿದ್ದು ಬಹಳ ಕಡಿಮೆ. ಇದಕ್ಕೆ ಆಕೆಯ ವಯಸ್ಸು ಎಷ್ಟು ಕಾರಣ, ಕಿವಿ ಎಷ್ಟು, ಆಯ್ಕೆ ಎಷ್ಟು ಎಂದು ಬಿಡಿಸಿ ನೋಡುವುದು ನನಗೆ ಬೇಕಿಲ್ಲ. ಕೈಗೆ ಬಂದ ದಾರಿಯನ್ನು ಆಕೆ ಪೂರ್ತಿ ನಂಬಿ ನುಡಿಸಿದರು.

ತಪ್ಪು ಸ್ವರಗಳು ಇವೆ, ಮುಚ್ಚಿಡುವುದಿಲ್ಲ. ತಪ್ಪಿದರೇನು, ನಾನೇನು ಯಂತ್ರವೇ ಎಂಬರ್ಥದ ಮಾತನ್ನು ಆಕೆಯೇ ಹೇಳುತ್ತಿದ್ದರು. ತಿದ್ದಿ ತಿದ್ದಿ ನುಣುಪು ಮಾಡಿದ ರೆಕಾರ್ಡಿಂಗ್‌ಗಳಿಗೆ ನಮ್ಮ ಕಿವಿ ಒಗ್ಗಿಹೋಗಿದೆ, ಅದಕ್ಕೇ ಒಂದು ಸ್ವರ ಜಾರಿದರೆ ಉಳಿದ ಸಾವಿರ ಸ್ವರಗಳನ್ನು ಕೇಳಿಸಿಕೊಳ್ಳುವುದಿಲ್ಲ. ಅದು ನಮಗೇ ನಷ್ಟ.

ಫುಜಿಕೋ 2024ರ ಏಪ್ರಿಲ್‌ನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಸದಾಗಿ ಕೇಳುವವರಿಗೆ ನಾನು ಹೇಳುವುದಿಷ್ಟು. ಮೊದಲು ರಷ್ಯಾ ಮೂಲದ ಪಿಯಾನೊ ವಾದಕ ಎವ್ಗೆನಿ ಕಿಸಿನ್ ನುಡಿಸಿದ ‘ಲಾ ಕಂಪನೆಲ್ಲಾ’ ಕೇಳಿ, ಅದೂ ಅದ್ಭುತವೇ. ಮಾರನೆಯ ದಿನ ಫುಜಿಕೋ ಅವರದು ಕೇಳಿ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿಕೊಂಡು ಸುಮ್ನೆ ಹೋಲಿಸಬೇಡಿ. ಇಷ್ಟವಾದರೆ ಆಕೆ ನುಡಿಸಿದ ಶೊಪಾನ್ ನಾಕ್ಟರ್ನ್‌ಗಳಿಗೆ, ಅಂದರೆ ರಾತ್ರಿಯ ಭಾವದ ಮೆಲುವಾದ ಪಿಯಾನೊ ರಚನೆಗಳಿಗೆ ಹೋಗಿ. ಅಲ್ಲಿ ವೇಗದ ಜಗಳವೇ ಇಲ್ಲ.