ಒಂದು ಸಿ.ಡಿ. ಹಿಡಿದು ಧಾರವಾಡಕ್ಕೆ

ರೈಲು ಹುಬ್ಬಳ್ಳಿ ಸೇರಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನನ್ನ ಡಬ್ಬಿ ಕಟ್ಟಕಡೆಗೆ ಇತ್ತು. ಇಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಪೇಪರಿನಲ್ಲಿ ಓದಿ ಹೆಮ್ಮೆಪಟ್ಟಿದ್ದೆ. ಬ್ಯಾಗ್ ಹೊತ್ತು ಅದರ ಮೇಲೆ ನಡೆಯುವಾಗ ಹೆಮ್ಮೆ ಅರ್ಧಕ್ಕಿಳಿಯಿತು.

ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಸಿ.ಡಿ. ಬಟ್ಟೆಗಿಂತ ಸಿ.ಡಿ.ಯನ್ನೇ ಜೋಪಾನವಾಗಿ ಸುತ್ತಿದ್ದೆ. 2003ರಲ್ಲಿ ಧಾರವಾಡದಲ್ಲಿ ಎಂ.ಫಿಲ್. ಮಾಡುವಾಗ ಬರೆದ ಪ್ರಬಂಧ ಅದರಲ್ಲಿತ್ತು. ವಿಷಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ಬೈಂಡ್ ಮಾಡಿಸಿದ ಪ್ರತಿ ಮನೆ ಬದಲಿಸುವಾಗ ಎಲ್ಲೋ ಹೋಯಿತು. ಸಿ.ಡಿ. ಉಳಿಯಿತು. ಆದರೆ ಮೂರು ವರ್ಷದ ಹಿಂದೆ ಬೆಂಗಳೂರಲ್ಲಿ ತೆರೆದು ನೋಡಿದಾಗ ಒಂದಕ್ಷರವೂ ಕನ್ನಡವಾಗಿ ಕಾಣಲಿಲ್ಲ.

ಮಾರ್ಚ್ ತಿಂಗಳ ಕೊನೆಯ ಬುಧವಾರ ಡಾಕ್ಯುಮೆಂಟ್ ಫ್ರೀಡಂ ಡೇ. 2008ರಲ್ಲಿ ಶುರುವಾದದ್ದು. ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದಕ್ಕೆ ನೀರೆರೆದು ಬೆಳೆಸಿತು. ನಾವು ಬರೆದಿಟ್ಟದ್ದನ್ನು ಒಂದೇ ಕಂಪನಿಯ ತಂತ್ರಾಂಶ ಮಾತ್ರ ತೆರೆಯುವಂತಿರಬಾರದು, ಯಾರ ಕಂಪ್ಯೂಟರಿನಲ್ಲಾದರೂ ತೆರೆಯಬೇಕು, ಇಷ್ಟೇ ಅದರ ಮಾತು. ಧಾರವಾಡದಲ್ಲಿ ನಾಲ್ಕಾರು ಹುಡುಗರು ಸೇರಿ ಮಾಡ್ತಿದ್ದಾರೆ, ಸಂಜೆ ನಾಲ್ಕಕ್ಕೆ ಬನ್ನಿ ಅಂತ ಗೆಳೆಯನೊಬ್ಬ ಹೇಳಿದ್ದ. ನಾಲ್ಕರವರೆಗೆ ಏನು ಮಾಡೋದು?

ಬೆಂಗೇರಿಗೆ ಹೋದೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ಘಟಕ ಇರುವುದು ಅಲ್ಲೇ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆಯ ಖಾದಿ ಧ್ವಜ ಅಂದರೆ ವರ್ಷಗಟ್ಟಲೆ ಬೆಂಗೇರಿಯದೇ ಹೆಸರು. ಮೊದಲೇ ಫೋನ್ ಮಾಡಿ ಕೇಳಿದ್ದೆ, ನೋಡಲು ಬಿಟ್ಟರು. ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಬಿಳಿ ಪಟ್ಟಿಯ ಮೇಲೆ ನೀಲಿ ಚಕ್ರ ಅಚ್ಚು ಹಾಕಿ ಒಣಗಲು ಬಿಟ್ಟಿದ್ದರು. ಒಬ್ಬ ಅಕ್ಕ ಒಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಈ ಬದಿಯ ಚಕ್ರ, ಆ ಬದಿಯ ಚಕ್ರ, ಎರಡರ 24 ಕಡ್ಡಿಗಳೂ ಒಂದರ ಮೇಲೊಂದು ಕೂತಿದ್ದವು.

"ಕೂಡ್ಲಿಲ್ಲಂದ್ರ?" ಅಂದೆ.

"ತಗದ ಒಗಿಯೂದ್ರಿ" ಅಂದರು. ಅಷ್ಟೇ ಉತ್ತರ.

ಧ್ವಜದ ಈ ಲೆಕ್ಕವೆಲ್ಲ ಒಂದು ದಾಖಲೆಯಲ್ಲಿದೆ. ಅದರ ಹೆಸರು ಐಎಸ್ 1, ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್ ಒಂದು. ಸ್ವತಂತ್ರ ಭಾರತ ಮಾಡಿಕೊಂಡ ಮಾನಕಗಳಲ್ಲಿ ಮೊದಲ ಸಂಖ್ಯೆ ಧ್ವಜಕ್ಕೇ ಸಿಕ್ಕಿತು. 1951ರಲ್ಲಿ ಬಂತು, 1968ರಲ್ಲಿ ತಿದ್ದುಪಡಿಯಾಯಿತು. ಉದ್ದ ಅಗಲ 3:2, ಒಂಬತ್ತು ಅಳತೆ, ಬಟ್ಟೆ ಎಂಥದ್ದು, ಬಣ್ಣ ಎಷ್ಟು ಗಾಢ, ಎಲ್ಲ ಬರೆದಿಟ್ಟಿದ್ದಾರೆ. ಹಾಗಾಗಿ ಯಾರು ಹೊಲಿದರೂ ಒಂದೇ ಧ್ವಜ. ನನ್ನ ಸಿ.ಡಿ.ಯಲ್ಲಿದ್ದ ಕಡತಕ್ಕೆ ಇಂಥದ್ದೊಂದು ಕಾಗದ ಇರಲಿಲ್ಲ ನೋಡಿ. ಬಟ್ಟೆಗೆ ತೋರಿಸಿದ ಕಾಳಜಿ ಅಕ್ಷರಕ್ಕೆ ಯಾಕಿಲ್ಲ ಅಂತ ಅಲ್ಲಿ ನಿಂತೇ ಸ್ವಲ್ಪ ಸಿಟ್ಟು ಬಂತು.

ಮಧ್ಯಾಹ್ನ ರೊಟ್ಟಿ ಊಟ ಮಾಡಿ ಚಿಗರಿ ಬಸ್ ಹತ್ತಿದೆ. ಉಣಕಲ್ ಕೆರೆ ನೋಡಿದ್ದು ನೆನಪಿದೆ. ನವನಗರ ದಾಟುವಷ್ಟರಲ್ಲಿ ಎಸಿ ಗಾಳಿಗೆ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ಜುಬಿಲಿ ಸರ್ಕಲ್.

ಕಾರ್ಯಕ್ರಮ ಇದ್ದದ್ದು ಸಪ್ತಾಪುರದಲ್ಲಿ, ಒಂದು ಕೋಚಿಂಗ್ ಕ್ಲಾಸಿನ ಮಹಡಿಯ ಮೇಲೆ. ಕೆಳಗೆ ಪರೀಕ್ಷೆಗೆ ಓದುವ ಹುಡುಗರು, ಮೇಲೆ ನಾವು ಇಪ್ಪತ್ತು ಮಂದಿ. ಒಂದು ಪ್ರೊಜೆಕ್ಟರು, ಎರಡು ಡಬ್ಬಿ ಪೇಡೆ. ಗೋಡೆಗೆ ಹಚ್ಚಿದ ಹಾಳೆಯಲ್ಲಿ 'ಕಡತ ಸ್ವಾತಂತ್ರ್ಯ ದಿನ' ಅಂತ ಬರೆದಿತ್ತು. ನಿವೃತ್ತ ಕನ್ನಡ ಮಾಸ್ತರರೊಬ್ಬರು ಬಂದವರೇ ತಕರಾರು ತೆಗೆದರು. "ಕಡತ ಅಂದ್ರ ಆಫೀಸ್ ಫೈಲ್ ಅಂತ ತಿಳದೀರೇನು? ಮೊದಲ ಅದು ಅರಿವಿ ಪುಸ್ತಕ. ಅರಿವಿಗೆ ಹುಣಸಿ ಬೀಜದ ಗಂಜಿ, ಇದ್ದಿಲ ಪುಡಿ ಬಳದು, ಒಣಗಿಸಿ, ಮಡಚಿ, ಬಳಪದಲೆ ಬರೀತಿದ್ರು." ಹುಡುಗರಿಗೆ ಇದು ಭಾಷಣಕ್ಕಿಂತ ರುಚಿಸಿತು. ನನಗೂ. ಬೆಳಿಗ್ಗೆಯಷ್ಟೇ ಬಟ್ಟೆಯ ಮಾನಕ ನೋಡಿ ಬಂದಿದ್ದೆನಲ್ಲ.

ಆಮೇಲೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಒಂದು ಆಟ ತೋರಿಸಿದ. ಲಿಬ್ರೆ ಆಫೀಸ್ ಅನ್ನುವ ಮುಕ್ತ ತಂತ್ರಾಂಶದಲ್ಲಿ 'ಧಾರವಾಡದಾಗ ಮಳಿ' ಅಂತ ಟೈಪ್ ಮಾಡಿ ಓಡಿಟಿ ಕಡತವಾಗಿ ಉಳಿಸಿದ. ಕಡತದ ಹೆಸರಿನ ಬಾಲ ಕತ್ತರಿಸಿ ಜಿಪ್ ಅಂತ ಬರೆದ. ತೆರೆದ. ಒಳಗೆ ಸಣ್ಣ ಸಣ್ಣ ಕಡತಗಳು. ಅದರಲ್ಲಿ ಕಂಟೆಂಟ್ ಎಕ್ಸ್‌ಎಂಎಲ್ ಅನ್ನುವುದನ್ನು ನೋಟ್‌ಪ್ಯಾಡಿಗೆ ಎಳೆದ. ಪರದೆ ತುಂಬ ಕೋನದ ಚಿಹ್ನೆಗಳು, ನಡುವೆ ಅಚ್ಚಗನ್ನಡದಲ್ಲಿ 'ಧಾರವಾಡದಾಗ ಮಳಿ'.

"ನಾಳೆ ಲಿಬ್ರೆ ಆಫೀಸ್ ಇಲ್ಲದಿದ್ರೂ ಇದನ್ನ ಓದಬಹುದ್ರಿ" ಅಂದ. ಓಡಿಟಿ ಸೇರಿರುವ ಓಡಿಎಫ್ ಅನ್ನುವ ಕಡತ ನಮೂನೆ 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನಕವಾಯಿತು, 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್ಓ 26300 ಆಯಿತು. ಒಳಗೆ ಏನು ಎಲ್ಲಿರಬೇಕು ಅನ್ನುವುದು ಅದರಲ್ಲಿ ಬರೆದಿದೆ, ಐಎಸ್ 1ರ ಹಾಗೇ.

ಹಿಂದೆ ಕೂತಿದ್ದ ಹುಡುಗಿ ಬಿಡಲಿಲ್ಲ. "ವರ್ಡ್‌ನ ಡಾಕ್ಸ್ ಫೈಲೂ ಜಿಪ್ಪೇ ಅಲ್ವಾ? ಅದೂ ಐಎಸ್ಓ ಮಾನಕ ಅಲ್ವಾ?" ಹೌದು, ಎರಡೂ ನಿಜ. ಸಭೆ ಇಲ್ಲಿ ಬಿಸಿಯಾಯಿತು. ಡಾಕ್ಸ್‌ನ ಹಿಂದಿರುವ, ಮೈಕ್ರೋಸಾಫ್ಟ್ ಮುಂದಿಟ್ಟ ಓಓಎಕ್ಸ್‌ಎಂಎಲ್ 2008ರಲ್ಲಿ ಐಎಸ್ಓ 29500 ಆಯಿತು. ಮಾನಕದ ಹೊತ್ತಗೆಯೇ ಆರು ಸಾವಿರ ಪುಟದಷ್ಟಿತ್ತು. ಒಂದು ಕೆಲಸಕ್ಕೆ ಎರಡು ಮಾನಕ ಯಾಕೆ ಅಂತ ಜಗಳ ನಡೆಯಿತು. 2007ರಲ್ಲೂ 2008ರಲ್ಲೂ ಭಾರತ 'ಬೇಡ' ಅಂತ ಮತ ಹಾಕಿತು. ಭಾರತದ ಪರವಾಗಿ ಮತ ಹಾಕಿದ್ದು ಬಿಐಎಸ್. ಬೆಂಗೇರಿಯ ಧ್ವಜಕ್ಕೆ ಮುದ್ರೆ ಕೊಡುವ ಅದೇ ಬಿಐಎಸ್! ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾಗಳ ಹಾಗೆ ಮೇಲ್ಮನವಿಯನ್ನೂ ಹಾಕಿತ್ತು. ಅದು ಬಿದ್ದುಹೋಯಿತು. 2010ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ತಂದಿತು. ನೀತಿ ಚೆನ್ನಾಗಿದೆ. ಆದರೂ ಅರ್ಜಿ ನಮೂನೆ ಬೇಕಂದರೆ ವರ್ಡ್‌ನ ಡಾಕ್ ಕಡತವೇ ಕೈಗೆ ಬರುತ್ತದೆ, ಅದು ಬೇರೆ ಮಾತು.

ಅಲ್ಲಿವರೆಗೆ ಸುಮ್ನೆ ಕೂತಿದ್ದ ಡಿಟಿಪಿ ಅಂಗಡಿಯ ಅಕ್ಕ ಬಾಯಿ ಬಿಟ್ಟರು. ಯೂನಿವರ್ಸಿಟಿ ಹುಡುಗರ ಥೀಸಿಸ್ ಟೈಪ್ ಮಾಡುವುದೇ ಅವರ ಕಸುಬು.

"ಒಂದ ಅಂಗಡ್ಯಾಗ ಟೈಪ್ ಮಾಡಸ್ತಾರ್ರಿ, ಇನ್ನೊಂದರಾಗ ಪ್ರಿಂಟ್ ತಗೀತಾರ. ನಡುವ ಒತ್ತಕ್ಷರ ಎಲ್ಲಾ ಉದುರಿ ಬಿದ್ದಿರ್ತಾವ. ನೀವು ಯೂನಿಕೋಡ್ ಅಂತೀರಿ, ಪ್ರೆಸ್‌ನವರು ಆಸ್ಕಿನ ಬೇಕಂತಾರ. ನಾ ಯಾರ ಮಾತ ಕೇಳ್ಲಿ?"

ಯಾರೂ ಉತ್ತರ ಕೊಡಲಿಲ್ಲ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ಏರ್ಪಾಡು, ಅವರು ಆಸ್ಕಿ ಅಂದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆಯ ಫಾಂಟಿನ ಬರಹಕ್ಕೆ. ಪುಟ ಜೋಡಿಸುವ ಹಳೆಯ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡದ ಒತ್ತು ಕೂರಿಸಲು ಬರುತ್ತಿರಲಿಲ್ಲ, ಪ್ರೆಸ್ಸುಗಳ ಅಭ್ಯಾಸ ಅಲ್ಲಿಗೇ ನಿಂತಿದೆ. ಕಡತದ ಬಾಗಿಲು ತೆರೆದರೆ ಸಾಲದು, ಒಳಗಿನ ಅಕ್ಷರವೂ ಎಲ್ಲರದ್ದಾಗಿರಬೇಕು. ಆ ದಿನ ಕೇಳಿದ ಮಾತುಗಳಲ್ಲಿ ನನಗೆ ತೂಕದ್ದು ಅನ್ನಿಸಿದ್ದು ಆ ಅಕ್ಕನ ಮಾತೇ.

ಇದೇ ಸಮಯ ಅಂತ ಸಿ.ಡಿ. ಹೊರತೆಗೆದೆ. ಹತ್ತು ಲ್ಯಾಪ್‌ಟಾಪ್ ಇದ್ದವು, ಒಂದಕ್ಕೂ ಸಿ.ಡಿ. ಹಾಕುವ ಜಾಗ ಇಲ್ಲ! ಹುಡುಗನೊಬ್ಬ ಅದನ್ನು ಕನ್ನಡಿಯ ಹಾಗೆ ಹಿಡಿದು ತಲೆ ಬಾಚಿಕೊಂಡ.

"ನಮ್ಮ ಅಂಗಡ್ಯಾಗ ಹಳೇ ಕಂಪ್ಯೂಟರ್ ಐತಿ, ಬರ್ರಿ ಸರ" ಅಂದರು ಅಕ್ಕ.

ಎರಡು ಪೇಡೆ ಬಾಯಿಗೆ ಹಾಕಿಕೊಂಡು, ಆ ಹುಡುಗನ ಸ್ಕೂಟರಿನ ಹಿಂದೆ ಕೂತು ಶ್ರೀನಗರ ಸರ್ಕಲ್ ಹತ್ತಿರದ ಅಂಗಡಿಗೆ ಹೋದೆ. ಅಕ್ಕ ಆಗಲೇ ಬಂದು ಶಟರ್ ಎತ್ತಿದ್ದರು. ಸಿ.ಡಿ. ಮೊದಲ ಸಲ ಗರ್ ಅಂದು ಹೊರಬಂತು. ಎರಡನೇ ಸಲವೂ ಬಂತು. ಅಕ್ಕ ಸೆರಗಿನಿಂದ ಒರೆಸಿ ಹಾಕಿದರು, ಹಿಡಿಯಿತು. ಹಳೇ ಡಾಕ್ ಕಡತ ಲಿಬ್ರೆ ಆಫೀಸಿನಲ್ಲಿ ತೆರೆಯಿತು, ಆದರೆ ಅಕ್ಷರ ಮಾತ್ರ ಅದೇ ಹಳೆಯ ಗೋಳು. ಇಂಗ್ಲಿಷಿನ ಪಿ, ಟೋಪಿ ಹಾಕಿದ ಎ, ನಡುವೆ ಪೌಂಡ್ ಗುರುತು.

ಅಕ್ಕ ನಕ್ಕರು. "ಇದು ಕನ್ನಡ ಅಂತ ಬರದದ್ರಿ. ಪೌಂಡ್ ಇದ್ದಲ್ಲಿ ನಕಾರ." ಇಪ್ಪತ್ತು ವರ್ಷದ ಅಭ್ಯಾಸ, ಅವರು ಅದನ್ನೇ ನೇರವಾಗಿ ಓದುತ್ತಿದ್ದರು! ಆಗಿನ ಫಾಂಟುಗಳ ಗುಟ್ಟೇ ಅದು. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಮುಖವಾಡ. ಫಾಂಟ್ ಹೋದರೆ ಮುಖವಾಡ ಕಳಚಿತು. ಯೂನಿಕೋಡಿನಲ್ಲಿ ಹಾಗಲ್ಲ, ಕ ಅಂದರೆ ಎಲ್ಲಿ ಹೋದರೂ ಕ.

ಹುಡುಗ ಬದಲಿಸುವ ತಂತ್ರಾಂಶಕ್ಕೆ ಇಡೀ ಪಠ್ಯ ಸುರಿದ. ಅರ್ಕಾವತ್ತು ಕೆಲವು ಕಡೆ ಎಡವಿತು. ಧಾರಣೆಯ ಕೋಷ್ಟಕಗಳು ಕುಸಿದು ಬಿದ್ದವು. ಮಿಕ್ಕದ್ದೆಲ್ಲ ಸಾಲುಸಾಲಾಗಿ ಕನ್ನಡವಾಯಿತು. ಓಡಿಟಿಯಾಗಿ ಉಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟ. ಅಕ್ಕ ಮೊದಲ ಪುಟ ಮಾತ್ರ ಪ್ರಿಂಟ್ ತೆಗೆದು ಕೈಗಿತ್ತರು.

ರೈಲಿನಲ್ಲಿ ಬೆಳಕಿನ ಕೆಳಗೆ ಅದನ್ನು ಬಿಚ್ಚಿದೆ. ದಪ್ಪಕ್ಷರದ ತಲೆಬರಹದಲ್ಲಿ 'ಮೆಣಸಿಕಾಯಿ' ಅಂತಿತ್ತು. ನಕಾರ ಇಲ್ಲ. ಫಾಂಟು, ಸಿ.ಡಿ. ಯಾವುದರದೂ ತಪ್ಪಲ್ಲ. 2003ರಲ್ಲಿ ನಾನೇ ತಿದ್ದಿ ಒಪ್ಪಿದ ಪುಟ.